ಕಿಲೋಮೀಟರ್ ನೋಡಿ ಗಂಟೆ ಹೇಳಬೇಡಿ

ಸಂಪಾದಕರಿಗೆ ನಮಸ್ಕಾರ,

ಎರಡು ದೇಶಗಳ ಊರುಗಳ ನಡುವೆ ಇಷ್ಟು ಕಿಲೋಮೀಟರ್, ವಿಮಾನಕ್ಕೆ ಇಷ್ಟು ಗಂಟೆ ಅಂತ ಒಂದೇ ಅಂಕಿ ಕೊಟ್ಟು ಮುಗಿಸುವ ಬರಹಗಳು ಜಾಸ್ತಿಯಾಗಿವೆ. ಇದು ಅರ್ಧ ಮಾಹಿತಿ ಅಷ್ಟೇ. ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಸುಮಾರು 5,550 ಕಿ.ಮೀ. ದೂರ. ಲಂಡನ್‌ನಿಂದ ಹೋಗುವಾಗ ಸುಮಾರು 8 ಗಂಟೆ ಹಿಡಿದರೆ ವಾಪಸ್ ಬರುವಾಗ 7 ಗಂಟೆ ಸಾಕು, ಯಾಕಂದ್ರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ, ಅಂದರೆ ಜೆಟ್ ಸ್ಟ್ರೀಮ್, ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಎದ್ದಾಗ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕ್‌ನಿಂದ ಹೊರಟು 5 ಗಂಟೆಯೊಳಗೇ ಲಂಡನ್ ಮುಟ್ಟಿತ್ತು!

ಗಾಳಿ ಹಾಗಿರಲಿ, ಯುದ್ಧವೂ ಗಂಟೆ ಕೂಡಿಸುತ್ತದೆ. ಫಿನ್‌ಲೆಂಡ್‌ನ ರಾಜಧಾನಿ ಹೆಲ್ಸಿಂಕಿಯಿಂದ ಟೋಕಿಯೊಗೆ ಮೊದಲು ರಷ್ಯಾದ ಮೇಲಿಂದ ಹಾರಿ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ತಲುಪುತ್ತಿದ್ದರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾ ಆ ದಾರಿ ಮುಚ್ಚಿದ ಮೇಲೆ ಅಲ್ಲಿಂದ ಹೊರಡುವ ಫಿನ್‌ಏರ್ ಕಂಪನಿಯ ವಿಮಾನಗಳು ಸುತ್ತು ಹಾಕಬೇಕು, ಸುಮಾರು 13 ಗಂಟೆ. ಊರುಗಳು ಇದ್ದಲ್ಲೇ ಇವೆ ಅಲ್ವಾ?

ಇನ್ನು ಟಿಕೆಟ್‌ನಲ್ಲಿ ಹೊರಡುವ, ಇಳಿಯುವ ಹೊತ್ತು ಆಯಾ ಊರಿನದು. ಒಂದರಿಂದ ಇನ್ನೊಂದನ್ನು ಸುಮ್ನೆ ಕಳೆದರೆ ಪ್ರಯಾಣದ ಅವಧಿ ಸಿಗುವುದಿಲ್ಲ. ಮುಂದೆ ಇಂಥ ಅಂಕಿ ಅಚ್ಚು ಹಾಕುವಾಗ ಯಾವ ದಿಕ್ಕಿನ ಪ್ರಯಾಣ, ನೇರ ವಿಮಾನವೋ ಅಲ್ಲವೋ ಅನ್ನುವುದನ್ನೂ ಸೇರಿಸಿ.

ಇಂತಿ,
ಒಬ್ಬ ಓದುಗ