ಖರ್ಚಿನ ಲೆಕ್ಕ ಮತದಾರರಿಗೂ ಕಾಣಲಿ

ಮಾನ್ಯರೆ,

ಚುನಾವಣೆ ಮುಗಿದ ಮೇಲೆ ಅಭ್ಯರ್ಥಿಗಳ ಖರ್ಚಿನ ಲೆಕ್ಕ ಸಲ್ಲಿಕೆಯಾದರೂ ಅದನ್ನು ತಾಳೆ ನೋಡುವುದು ಮತದಾರರಿಗೆ ಸುಲಭವಲ್ಲ. ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು. ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ. ಶಾಮಿಯಾನ, ಕುರ್ಚಿ, ಊಟ, ಚಹಾಕ್ಕೆಲ್ಲ ಜಿಲ್ಲಾಡಳಿತವೇ ದರಪಟ್ಟಿ ನಿಗದಿಪಡಿಸುತ್ತದೆ. ಆದರೆ ಸಾವಿರ ಕುರ್ಚಿಯ ಸಭೆಗೆ ಇನ್ನೂರೇ ಎಂದು ಬರೆದರೆ ದರ ಸರಿಯಿದ್ದರೂ ಲೆಕ್ಕ ಸುಳ್ಳೇ. ಇದನ್ನು ಹಿಡಿಯಲೆಂದೇ ವಿಡಿಯೊ ಚಿತ್ರೀಕರಣ ಆಧರಿಸಿ ಅಧಿಕಾರಿಗಳು ಪ್ರತ್ಯೇಕ 'ಷ್ಯಾಡೊ' ವಹಿ ಬರೆಯುತ್ತಾರೆ. ಕೈಬರಹದ ಪುಟಗಳನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿದರೆ ಯಾರು ತಾನೇ ಹುಡುಕಿಯಾರು? ಅಭ್ಯರ್ಥಿಯ ಲೆಕ್ಕ ಹಾಗೂ ಷ್ಯಾಡೊ ವಹಿ ಎರಡನ್ನೂ ಸಭೆಯ ದಿನಾಂಕವಾರು, ಅಕ್ಕಪಕ್ಕದ ಕೋಷ್ಟಕವಾಗಿ ಕನ್ನಡದಲ್ಲಿ ಪ್ರಕಟಿಸಲು ಆಯೋಗ ಸೂಚಿಸಬೇಕು.

– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು