ಆ ‘ಇತ್ತೋ’ ಸುಮ್ನೆ ಬಂದದ್ದಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬೇಂದ್ರೆಯವರ ‘ಕುರುಡು ಕಾಂಚಾಣ’ದ, ಅಂದರೆ ಕುಣಿಯುವ ಕುರುಡು ದುಡ್ಡಿನ ಆ ಕವಿತೆಯ ಬಗ್ಗೆ ಬಂದ ಲೇಖನ ಓದಿದೆ. ಬಡತನದ ಬಗ್ಗೆ ಬರೆದದ್ದೆಲ್ಲ ಸರಿ. ಆದರೆ ಸಾಲುಗಳ ಕೊನೆಗೆ ಮತ್ತೆ ಮತ್ತೆ ಬರುವ ‘ಇತ್ತೋ’ ಬರೀ ಧಾಟಿಗೆ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಅದಕ್ಕೇ ಈ ಪತ್ರ.

ಮೊದಲು ಪ್ರಾಸ ನೋಡಿ. ಬಾಣಂತಿ, ಸಾಬಾಣ (ಸಾಬೂನು), ಕಾಣದ. ಸಾಲುಗಳ ಎರಡನೇ ಅಕ್ಷರ ಒಂದೇ ಆಗಿ ಕೂಡುವ ನಮ್ಮ ಹಳೇ ಪ್ರಾಸವೇ. ಆದರೆ ‘ಸಾಬಾಣ’ದಲ್ಲಿ ‘ಣ’ ಮೂರನೆಯದು, ಅಲ್ವಾ? ಹಾಡಿ ನೋಡಿ, ‘ಸಾ’ ಹಿಂದಿನ ಸಾಲಿಗೆ ಸರಿಯುತ್ತದೆ, ತಾಳ ‘ಬಾಣ’ದ ಮೇಲೆ ಬೀಳುತ್ತದೆ. ಅಂಗಡಿಯದೂ ಅದೇ ಕಥೆ: ‘ಅಂ’ ಆಚೆ ಹೋಗಿ ‘ಗಡಿ’ ಬಂದು ಗುಡಿಯ ಜೋಡಿ ಕೂಡುತ್ತದೆ. ದೇವರ ಗುಡಿ, ಉಳ್ಳವರ ಮಹಡಿ, ವ್ಯಾಪಾರದ ಅಂಗಡಿ, ಮೂರನ್ನೂ ಬೇಂದ್ರೆ ಒಂದೇ ‘ಡ’ಕಾರಕ್ಕೆ ಕಟ್ಟಿಹಾಕಿದ್ದಾರೆ. ಕಾಂಚಾಣದ ‘ಣ’ ಬಾಣಂತಿಯೊಳಗೂ ಇದೆ, ರೊಕ್ಕದ ಝಣಝಣದಲ್ಲೂ ಇದೆ.

ಇನ್ನು ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ‘ಬಾಣಂತಿ’ ಐದು, ‘ಬಡವರ’, ‘ಒಡಲಿನ’ ನಾಲ್ಕು ನಾಲ್ಕು. ಮಾತ್ರೆಗಳನ್ನು ಗುಂಪು ಮಾಡಿ ಗಣ ಹಾಕಲು ಕೂತರೆ ತಲೆ ಕೆಡುತ್ತದೆ, ನಾನೂ ಒಂದು ಸಂಜೆ ಕೂತು ಕೆಡಿಸಿಕೊಂಡಿದ್ದೇನೆ. ಹಾಡುವಾಗ ಮಾತ್ರ ಎಲ್ಲೂ ಎಡವುವುದಿಲ್ಲ, ಬೇಕಾದಲ್ಲಿ ಎಳೆದುಕೊಳ್ಳುತ್ತದೆ. ನನ್ನ ಕಿವಿಗೆ ಇದು ಎಲ್ಲಮ್ಮನ ಸೇವೆಗೆ ನಿಂತ ಜೋಗತಿಯರ ಕುಣಿತದ ನಡೆ. ಪದ್ಯದಲ್ಲೂ ಅವೇ: ಗೆಜ್ಜೆ, ಕವಡಿ, ಪಂಜು, ಹಣೆಯ ಭಂಡಾರ (ಅರಿಶಿನ ಪುಡಿ), ‘ಉಧೋ ಉಧೋ’ ಅನ್ನುವ ಕೂಗು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರಿಗೆ ಬಿಡಿಸಿ ಹೇಳಬೇಕೇ?

ಈಗ ‘ಇತ್ತೋ’ಗೆ ಬರುತ್ತೇನೆ. ಗೆಜ್ಜೆ ಕಾಲಲ್ಲಿ ಇತ್ತೋ, ಪಂಜು ಕೈಯಲ್ಲಿ ಇತ್ತೋ ಅಂತ ಕೇಳುತ್ತ ಕೇಳುತ್ತ ನಾವೂ ತಲೆದೂಗುತ್ತಿರುತ್ತೇವೆ, ಬಡವರ ಹೊಟ್ಟೆಯ ಬೆಂಕಿಯಿಂದಲೇ ಆ ಪಂಜು ಉರಿಯುತ್ತಿದೆ ಅನ್ನುವುದೂ ಮರೆತು. ಕೊನೆಗೆ ಅದೇ ಸದ್ದಿನಲ್ಲಿ ‘ಬಿತ್ತೋ’ ಅನ್ನುತ್ತಾರೆ. ಕುಣಿಯುತ್ತಿದ್ದ ಕಾಂಚಾಣ ಅಂಗಾತ! ಅದರ ಬೆನ್ನಿಗೇ ‘ಎತ್ತೋ’. ಇದು ಆಗಿಹೋದ ಮಾತಲ್ಲ, ಅಪ್ಪಣೆ. ಅಷ್ಟು ಹೊತ್ತು ಸುಮ್ನೆ ನೋಡುತ್ತ ನಿಂತವನನ್ನು ಹೆಸರು ಹಿಡಿದು ಕರೆದಂತೆ. ಪ್ರಾಸ ಬದಲಾಗಲೇ ಇಲ್ಲ, ಕೆಲಸ ಮಾತ್ರ ನಮ್ಮ ಹೆಗಲಿಗೆ ಬಂತು. ಎತ್ತಬೇಕಾದದ್ದು ಹೆಣವೋ, ಮತ್ತೆ ಮೆರೆಸುವ ದೇವರೋ? ನನಗೆ ಹೆಣ ಅನಿಸುತ್ತದೆ. ಮನೆಯಾಕೆ ಒಪ್ಪುವುದಿಲ್ಲ, ರೊಕ್ಕವನ್ನು ಯಾರು ಹೂಳುತ್ತಾರ್ರೀ ಅನ್ನುತ್ತಾಳೆ.

ಇನ್ನೊಂದು ವಿಷಯ. ಪದ್ಯದ ಸಾಲುಗಳನ್ನು ಗದ್ಯದ ಹಾಗೆ ಒತ್ತೊತ್ತಾಗಿ ಅಚ್ಚು ಮಾಡಿದ್ದೀರಿ. ಬೇಂದ್ರೆ ‘ಮೈದುಂಬಿ’ಯನ್ನು ಒಡೆದು, ‘ದುಂಬಿ’ಯನ್ನು ಮುಂದಿನ ಸಾಲಿಗೆ ತಳ್ಳಿ, ಕಂಬನಿ, ಹುಂಬ ಎರಡಕ್ಕೂ ಕೂಡಿಸಿದ್ದು ಕಾಣದೇ ಹೋಯಿತು. ಮುಂದಿನ ಸಲ ಜಾಗ ಜಾಸ್ತಿ ಹಿಡಿದರೂ ಸಾಲು ಮುರಿದೇ ಹಾಕಿ.

— ಒಬ್ಬ ಓದುಗ, ಸಾಧನಕೇರಿ, ಧಾರವಾಡ