ಲ್ಯಾಕ್ಸ್‌ಟನ್‌ನ ಬೇಲಿಯಿಲ್ಲದ ಹೊಲಗಳು ಇನ್ನೂ ಇವೆ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಹಳ್ಳಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಊರಿನವರೆಲ್ಲ ಬೇಲಿಯಿಲ್ಲದ ದೊಡ್ಡ ಹೊಲಗಳನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಉಳುತ್ತಿದ್ದ ಹಳೆಯ ಪದ್ಧತಿ ಪೂರ್ತಿ ಅಳಿದುಹೋಯಿತು ಎಂದು ಅದರಲ್ಲಿದೆ. ದಯವಿಟ್ಟು ಇದನ್ನು ತಿದ್ದಬೇಕು. ನಾನು 11 ವರ್ಷದಿಂದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ನ್ಯೂವಾರ್ಕ್‌ನಲ್ಲಿದ್ದೇನೆ. ಸುತ್ತಲಿನ ಹಳ್ಳಿಗಳ ಮನೆಗಳಿಗೆ ಔಷಧ ತಲುಪಿಸುವ ವ್ಯಾನ್ ಓಡಿಸುತ್ತೇನೆ. ನೀಸಲ್, ವೆಲ್ಲೋ, ಎಗ್ಮಂಟನ್ ಎಲ್ಲ ನನ್ನ ದಾರಿಯ ಊರುಗಳು. ಲ್ಯಾಕ್ಸ್‌ಟನ್ ಕೂಡ. ಆ ಪದ್ಧತಿ ಅಲ್ಲಿ ಇವತ್ತಿಗೂ ನಡೆಯುತ್ತಿದೆ.

ಲೇಖಕರು ಹಾಗೆ ಬರೆದದ್ದು ಯಾಕೆ ಅಂತ ಗೊತ್ತಾಗುತ್ತದೆ. 1604ರಿಂದ 1914ರವರೆಗೆ ಇಲ್ಲಿನ ಪಾರ್ಲಿಮೆಂಟ್ 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿ, ಎಲ್ಲರೂ ಬಳಸುತ್ತಿದ್ದ ಜಮೀನನ್ನು ಒಬ್ಬೊಬ್ಬರ ಪಾಲಾಗಿಸಿತು. ಲ್ಯಾಕ್ಸ್‌ಟನ್ ಉಳಿದದ್ದಕ್ಕೆ ಹೇಳುವ ಕಾರಣ ಬಲು ಸರಳ. ಅಲ್ಲಿನ ಜಮೀನು ಮುಖ್ಯವಾಗಿ ಇಬ್ಬರು ದೊಡ್ಡ ಒಡೆಯರದ್ದಾಗಿತ್ತು. ಬೇಲಿ ಹಾಕುವ ವಿಷಯದಲ್ಲಿ ಅವರಿಬ್ಬರಿಗೆ ಒಮ್ಮತ ಬರಲಿಲ್ಲ.

ಊರೊಳಗೆ ಬಂದರೆ ಮೊದಲು ಕಾಣುವುದು ಬೀದಿಗೆ ಪಕ್ಕದ ಗೋಡೆ ಕೊಟ್ಟು ನಿಂತ ಕೆಂಪು ಇಟ್ಟಿಗೆಯ ಮನೆಗಳು. ಬೇರೆ ಕಡೆ ರೈತರ ಮನೆ ಹೊಲದ ನಡುವೆ ಒಂಟಿಯಾಗಿರುತ್ತದೆ. ಇಲ್ಲಿ ಎಲ್ಲರೂ ಒಂದೇ ಬೀದಿಯಲ್ಲಿ, ಯಾಕೆಂದರೆ ಅವರವರ ಪಟ್ಟಿಗಳು ಮೂರು ಹೊಲಗಳಲ್ಲೂ ಹರಡಿಕೊಂಡಿವೆ. ನನಗೆ ಇದರಿಂದ ತುಂಬ ಅನುಕೂಲ. ಎರಡು ಮನೆಗಳ ನಡುವೆ ವ್ಯಾನ್ ಹತ್ತುವ ಕೆಲಸವೇ ಇಲ್ಲ.

ಮೂರು ಹೊಲಗಳ ಹೆಸರು ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಉಳಲಾಗದ ತಗ್ಗಿನಲ್ಲಿ ಹುಲ್ಲಿನ ಪಟ್ಟೆಗಳಿವೆ, ಅವಕ್ಕೆ 'ಸೈಕ್' ಅನ್ನುತ್ತಾರೆ. ಜೂನ್‌ನಲ್ಲಿ ಅಲ್ಲಿ ಕಾಡುಹೂವು ಕಾಲಿಡಲು ಜಾಗವಿಲ್ಲದಷ್ಟು ಅರಳುತ್ತದೆ. ಮಧ್ಯಾಹ್ನದ ಬುತ್ತಿಯನ್ನು ನಾನು ಅಲ್ಲೇ ಬಿಚ್ಚುತ್ತೇನೆ. ಎಷ್ಟು ದೂರ ನೋಡಿದರೂ ನಡುವೆ ಒಂದು ಬೇಲಿ ಇಲ್ಲ.

ಆದರೆ ಬೇಲಿ ಇಲ್ಲದಿದ್ದರೆ ಬದು ಒತ್ತುವವರು ಇದ್ದೇ ಇರುತ್ತಾರೆ, ಅಲ್ವಾ? ಅದಕ್ಕೆ ಊರಿನದೇ ಒಂದು ನ್ಯಾಯಸಭೆ ಇದೆ. ಹೆಸರು ಕೋರ್ಟ್ ಲೀಟ್. ನವೆಂಬರ್ ಕೊನೆಯ ಹೊತ್ತಿಗೆ, ಗೋಧಿ ಬಿತ್ತಿದ ಮೇಲೆ, ರೈತರಲ್ಲೇ ಆರಿಸಿದ ಪಂಚರು ಆ ವರ್ಷದ ಗೋಧಿ ಹೊಲಕ್ಕೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ರಜೆ ಹಾಕಿ ನಾನೂ ನೋಡಲು ಹೋಗಿದ್ದೆ. ಕೊರೆಯುವ ಚಳಿ, ಬೂಟಿಗೆ ಅಂಟುವ ಜೇಡಿಮಣ್ಣು. ಪಟ್ಟಿಗಳ ಗಡಿ ಗುರುತಿಸಲು ಒಬ್ಬರು ಗೂಟ ಹಿಡಿದರೆ ಇನ್ನೊಬ್ಬರು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದು ಕಡೆ ಉಳುಮೆ ದಾರಿಯ ಅಂಚಿಗೆ ಸ್ವಲ್ಪ ನುಗ್ಗಿತ್ತು. ಯಾರೂ ದನಿ ಏರಿಸಲಿಲ್ಲ. ಹಿರಿಯರೊಬ್ಬರು ಬಗ್ಗಿ ನೋಡಿದರು, ಬರೆದುಕೊಂಡರು, ಮುಂದೆ ನಡೆದರು. ಆ ಪಟ್ಟಿಯವನೂ ಜೊತೆಗೇ ನಡೆಯುತ್ತಿದ್ದ! ಒಂದು ವಾರದ ನಂತರ ಊರಿನ ಡವ್‌ಕೋಟ್ ಇನ್ ಎಂಬ ಪಬ್‌ನಲ್ಲಿ ಸಭೆ ಕೂರುತ್ತದೆ, ದಂಡ ಹಾಕುತ್ತದೆ. ಇದು ಪ್ರವಾಸಿಗರಿಗೆ ಮಾಡುವ ನಾಟಕ ಅಲ್ಲ. 1977ರ ಕಾಯ್ದೆ ಇಂಥ ಹಳೆಯ ಸಭೆಗಳ ಅಧಿಕಾರ ತೆಗೆದಾಗಲೂ ಲ್ಯಾಕ್ಸ್‌ಟನ್‌ನ ಸಭೆಯನ್ನು ಹೆಸರು ಹಿಡಿದು ಹಾಗೇ ಉಳಿಸಿತು.

ಪಟ್ಟಿಗಳ ಹಳೆಯ ನಕ್ಷೆಯೂ ಇದೆ. 1635ರದ್ದು, ಮಾರ್ಕ್ ಪಿಯರ್ಸ್ ಎಂಬವರು ಬರೆದದ್ದು. ಅದರಲ್ಲಿ ಉಳುವವರು, ಕುಯ್ಯುವವರು ಎಲ್ಲ ಪುಟ್ಟ ಪುಟ್ಟ ಚಿತ್ರಗಳಲ್ಲಿದ್ದಾರೆ. ಈಗ ಪಟ್ಟಿಗಳು ಅಷ್ಟು ಸಣ್ಣವಲ್ಲ. 20ನೇ ಶತಮಾನದ ಶುರುವಿನಲ್ಲಿ ಹಲವನ್ನು ಕೂಡಿಸಿ ದೊಡ್ಡದು ಮಾಡಿದರು.

ನನ್ನ ಚಿಂತೆ ಬೇರೆ. ಈ ಜಮೀನು ಒಡೆಯರಿಂದ ಒಡೆಯರಿಗೆ ಕೈ ಬದಲಾಗುತ್ತಲೇ ಬಂದಿದೆ. ಒಡೆಯರಾಗಿದ್ದ ಅರ್ಲ್ ಮ್ಯಾನ್ವರ್ಸ್ 1952ರಲ್ಲಿ ಸರಕಾರಕ್ಕೆ ಮಾರಿದರು. 1981ರಲ್ಲಿ ಕ್ರೌನ್ ಎಸ್ಟೇಟ್‌ಗೆ, ಅಂದರೆ ರಾಜಮುಕುಟದ ಆಸ್ತಿ ನೋಡಿಕೊಳ್ಳುವ ಸಂಸ್ಥೆಗೆ ಹೋಯಿತು. 2020ರಲ್ಲಿ ಮತ್ತೆ ಮ್ಯಾನ್ವರ್ಸ್ ಮನೆತನದ ಥಾರ್ಸ್‌ಬಿ ಎಸ್ಟೇಟ್ ಕೊಂಡಿತು. ಹೊಲ ಉಳಿಯುವುದು ಕಾಗದದಿಂದಲ್ಲ, ಚಳಿಯಲ್ಲಿ ಗೂಟ ಹೊಡೆಯಲು ಬರುವ ರೈತರಿಂದ. ನಾನು ಔಷಧ ಕೊಡುವ ಬಾಗಿಲುಗಳಲ್ಲಿ ಕಾಣುವ ಮುಖಗಳು ಜಾಸ್ತಿ ವಯಸ್ಸಾದವರದ್ದೇ. ಇಂಥ ಹೊತ್ತಿನಲ್ಲಿ ಪತ್ರಿಕೆಯೇ 'ಅಳಿದುಹೋಯಿತು' ಎಂದು ಬರೆದರೆ ನನಗೆ ನೋವಾಗುತ್ತದೆ.

ನಾಟಿಂಗ್‌ಹ್ಯಾಮ್‌ಶೈರ್ ಕಡೆ ಬರುವ ನಿಮ್ಮ ಓದುಗರು ಶೆರ್‌ವುಡ್ ಕಾಡು ನೋಡಿ ಹಾಗೇ ಹೊರಟುಬಿಡುತ್ತಾರೆ. ಅಲ್ಲಿಂದ ಲ್ಯಾಕ್ಸ್‌ಟನ್ ದೂರವೇನಿಲ್ಲ. ಬಸ್ಸನ್ನು ನಂಬಬೇಡಿ, ಕಾರಿನಲ್ಲೇ ಬನ್ನಿ. ಚರ್ಚ್ ದಾಟಿ ಕೋಟೆಯ ಮಣ್ಣುದಿಬ್ಬ ಹತ್ತಿ ನೋಡಿ, ಆಮೇಲೆ ಹೊಲದ ಕಡೆ ನಡೆಯಿರಿ. ನವೆಂಬರ್‌ನಲ್ಲಿ ಬರುವುದಾದರೆ ದಪ್ಪ ಬೂಟು ಹಾಕಿಕೊಳ್ಳಿ.

ಇತಿ,
ನಿಮ್ಮ ಓದುಗ,
ನ್ಯೂವಾರ್ಕ್, ನಾಟಿಂಗ್‌ಹ್ಯಾಮ್‌ಶೈರ್